ಚಷ್ಮಾ ಹಾಕಿ ಆಡುವ ಝ್ಯಾಕ್ಸಾನ್: 50 ಹರ್ಟ್ಸ್ ಊರಿನಲ್ಲಿ 60 ಹರ್ಟ್ಸ್ ಆಟ

1982ರಲ್ಲಿ ಜಪಾನಿನ ಸೆಗಾ ಕಂಪನಿಯ ವಿಡಿಯೋ ಆಟ ಝ್ಯಾಕ್ಸಾನ್ ಆರ್ಕೇಡಿಗೆ, ಅಂದರೆ ನಾಣ್ಯ ಹಾಕಿ ಆಡುವ ಅಂಗಡಿಗಳಿಗೆ, ಬಂದಾಗ ಅದರ ದೊಡ್ಡ ಆಕರ್ಷಣೆ ಓರೆ ನೋಟ. ವಿಮಾನ ಕೋಟೆಯ ಮೇಲೆ ಓರೆಯಾಗಿ ಹಾರುತ್ತದೆ, ಏರುತ್ತದೆ, ಇಳಿಯುತ್ತದೆ. ದೊಡ್ಡ ತೊಂದರೆಯೂ ಅದೇ ನೋಟ. ಸಪಾಟು ಪರದೆಯ ಮೇಲೆ "ಎತ್ತರಕ್ಕೆ ಏರಿತು" ಮತ್ತು "ಮಗ್ಗಲಿಗೆ ಸರಿಯಿತು" ಎರಡೂ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ. ಅದಕ್ಕೇ ಎಡ ಅಂಚಿನಲ್ಲಿ ಎತ್ತರ ತೋರಿಸುವ ಪಟ್ಟಿ, ನೆಲದ ಮೇಲೆ ವಿಮಾನದ ನೆರಳು. ಆದರೂ ಗೋಡೆಯ ಕಂಡಿಯಲ್ಲಿ ನುಗ್ಗುವ ಮೊದಲು ಗುಂಡು ಹಾರಿಸಿ, ಅದು ಎಲ್ಲಿ ಬಡಿಯುತ್ತದೆ ಎಂದು ನೋಡಿಯೇ ಎತ್ತರ ಸರಿ ಮಾಡಿಕೊಳ್ಳಬೇಕಿತ್ತು. ಕೋಟೆ ದಾಟಿ ಬಯಲು ಆಕಾಶಕ್ಕೆ ಬಂದರೆ ನೆಲವೂ ಇಲ್ಲ, ನೆರಳೂ ಇಲ್ಲ. ಆ ಪಟ್ಟಿಯೊಂದೇ ಗತಿ.

1987ರಲ್ಲಿ ಇದೇ ಆಟ ಸೆಗಾ ಮಾಸ್ಟರ್ ಸಿಸ್ಟಮ್ ಎಂಬ, ಮನೆಯ ಟಿವಿಗೆ ಹಚ್ಚಿ ಆಡುವ ಯಂತ್ರಕ್ಕೆ ಝ್ಯಾಕ್ಸಾನ್ 3-ಡಿ ಆಗಿ ಬಂತು. ಓರೆ ನೋಟ ಹೋಗಿ ವಿಮಾನದ ಬೆನ್ನ ಹಿಂದಿನ ನೋಟ ಬಂತು. ಜೊತೆಗೆ ಸೆಗಾಸ್ಕೋಪ್ ಎಂಬ ದ್ರವಸ್ಫಟಿಕದ ಚಷ್ಮಾ. ಇದನ್ನು ತೋರಿಕೆಯ ಆಟಿಕೆ ಎಂದು ತಳ್ಳಿಹಾಕುವವರು ಬಹಳ ಮಂದಿ. ಅದೇ ಚಷ್ಮಾಕ್ಕೆ ಬಂದ ಔಟ್‌ರನ್ 3-ಡಿ ಬಗ್ಗೆ ಆ ಮಾತು ಖರೆ. ಅಲ್ಲಿ ರಸ್ತೆಯೇ ಕಿರಿದಾಗುತ್ತ ಹೋಗಿ ದೂರ ಎಷ್ಟೆಂದು ಹೇಳುತ್ತದೆ, ಎರಡು ಕಣ್ಣಿನ ಆಳ ಬರೇ ಶೃಂಗಾರ. ಕರೀ ಆಕಾಶದಲ್ಲಿ ಲೆಕ್ಕ ಬೇರೆ. ಅಲ್ಲಿ ದೂರ ಹೇಳಲು ವಸ್ತುವಿನ ಗಾತ್ರ ಬಿಟ್ಟರೆ ಏನೂ ಇಲ್ಲ. ಈ ಯಂತ್ರಕ್ಕೆ ಸ್ಪ್ರೈಟ್, ಅಂದರೆ ಪರದೆಯ ಮೇಲೆ ಓಡಾಡುವ ಬಿಡಿ ಚಿತ್ರದ, ಗಾತ್ರವನ್ನು ನುಣ್ಣಗೆ ಹಿಗ್ಗಿಸಲು ಬರುವುದಿಲ್ಲ. ಮೊದಲೇ ಬರೆದಿಟ್ಟ ಸಣ್ಣದು, ಮಧ್ಯಮ, ದೊಡ್ಡದು ಚಿತ್ರಗಳನ್ನು ಒಂದೊಂದಾಗಿ ಬದಲಿಸುತ್ತದೆ. ಹಾಗಾಗಿ ಗುಂಡು ಈಗ ಎಷ್ಟು ಹತ್ತಿರ ಬಂತು ಎಂಬುದನ್ನು ಗಾತ್ರಕ್ಕಿಂತ ಚೆನ್ನಾಗಿ ಹೇಳುವುದು ಎರಡು ಕಣ್ಣುಗಳ ಚಿತ್ರದ ನಡುವಿನ ಅಂತರ. ಅಂತರಿಕ್ಷದ ಗುಂಡಿನಾಟಕ್ಕೆ ಚಷ್ಮಾ ಬೇಕಾಗುವುದು ಇದಕ್ಕೆ.

ಇದೇ ಸಾಲಿನಲ್ಲಿ ಇನ್ನೂ ಮೂರು ಆಟಗಳನ್ನು ನೋಡಬಹುದು. ಬ್ಲೇಡ್ ಈಗಲ್ 3-ಡಿಯಲ್ಲಿ ಮೇಲಿನಿಂದ ನೋಡುವ ನೋಟ, ಹಾರಲು ಎರಡು ಎತ್ತರದ ಮಜಲು. ವೈರಿ ಯಾವ ಮಜಲಿನಲ್ಲಿದ್ದಾನೆಂದು ಆಳ ನೋಡಿಯೇ ತಿಳಿಯಬೇಕು. ಯೋಚನೆ ಭಾರಿ, ಆಟ ಅಷ್ಟಕ್ಕಷ್ಟೆ. ಸ್ಪೇಸ್ ಹ್ಯಾರಿಯರ್ 3-ಡಿ ಕಣ್ಣಿಗೆ ಹಬ್ಬ. ಮಿಸೈಲ್ ಡಿಫೆನ್ಸ್ 3-ಡಿಗೆ ಚಷ್ಮಾದ ಜೊತೆ ಲೈಟ್ ಫೇಸರ್ ಬಂದೂಕೂ ಬೇಕು. ಅಭ್ಯಾಸ ಶುರು ಮಾಡುವುದಿದ್ದರೆ ಝ್ಯಾಕ್ಸಾನ್ ಒಳ್ಳೆಯದು.

ಚಷ್ಮಾ ಹೇಗೆ ಕೆಲಸ ಮಾಡುತ್ತದೆ

ಪರದೆಯ ಒಂದು ಪೂರ್ತಿ ಚಿತ್ರಕ್ಕೆ ಫ್ರೇಮ್ ಎನ್ನುತ್ತಾರೆ. ಯಂತ್ರ ಒಂದು ಫ್ರೇಮ್ ಎಡಗಣ್ಣಿನ ಚಿತ್ರ, ಮುಂದಿನ ಫ್ರೇಮ್ ಬಲಗಣ್ಣಿನ ಚಿತ್ರ ಕೊಡುತ್ತದೆ. ಎಡ ಚಿತ್ರ ಬಂದಾಗ ಬಲ ಗಾಜು ಕಪ್ಪಾಗುತ್ತದೆ, ಬಲ ಚಿತ್ರ ಬಂದಾಗ ಎಡ ಗಾಜು. ಅಮೆರಿಕ ಮತ್ತು ಜಪಾನಿನ ಯಂತ್ರ ಸೆಕೆಂಡಿಗೆ ಸುಮಾರು 60 ಫ್ರೇಮ್ ಕೊಡುತ್ತದೆ, ಅಂದರೆ ಕಣ್ಣಿಗೆ 30. ಯುರೋಪಿನ ಪಾಲ್ (ಅಲ್ಲಿನ ಟಿವಿ ಪದ್ಧತಿ) ಯಂತ್ರ 50 ಕೊಡುತ್ತದೆ, ಕಣ್ಣಿಗೆ 25.

ಯಾವ ಗಾಜು ತೆರೆಯಬೇಕೆಂದು ಹೇಳುವುದು ಟಿವಿ ಅಲ್ಲ, ಆಟದ ಪ್ರೋಗ್ರಾಂ. ಮೆಮೊರಿಯ ಎಫ್‌ಎಫ್‌ಎಫ್8ರಿಂದ ಎಫ್‌ಎಫ್‌ಎಫ್‌ಬಿವರೆಗಿನ ವಿಳಾಸಕ್ಕೆ ಬರೆದ ಸಂಖ್ಯೆಯ ಕೊನೆಯ ಬಿಟ್ಟನ್ನು, ಚಷ್ಮಾವನ್ನು ಯಂತ್ರಕ್ಕೆ ಕೂಡಿಸುವ ಅಡಾಪ್ಟರ್ ಹಿಡಿದುಕೊಂಡು ಗಾಜು ಬದಲಿಸುತ್ತದೆ. ಆ ಅಡಾಪ್ಟರ್ ಕೂಡುವುದು ಯಂತ್ರದ ಮುಂಭಾಗದ ಕಾರ್ಡ್ ಕಿಂಡಿಯಲ್ಲಿ. ಕ್ಯಾಸೆಟ್ ಎಂದಿನಂತೆ ಮೇಲಿನ ಕಿಂಡಿಯಲ್ಲಿ. ಎರಡೂ ಒಂದೇ ಬಸ್ಸಿನ, ಅಂದರೆ ಒಂದೇ ವೈರುಗಳ ಸಾಲಿನ ಮೇಲಿರುವುದರಿಂದ ಕ್ಯಾಸೆಟ್ಟಿನ ಪ್ರೋಗ್ರಾಂ ಬರೆದದ್ದು ಕಾರ್ಡಿನ ಕಡೆಯೂ ಕಾಣುತ್ತದೆ.

ಕೊಳ್ಳುವಾಗಿನ ಮೊದಲ ಪರೀಕ್ಷೆ ಇದರಿಂದಲೇ ಸಿಗುತ್ತದೆ: ಕಾರ್ಡ್ ಕಿಂಡಿ ಇಲ್ಲದ ಯಂತ್ರದಲ್ಲಿ ಚಷ್ಮಾ ನಡೆಯುವುದಿಲ್ಲ. ಮಾಸ್ಟರ್ ಸಿಸ್ಟಮ್ 2ಕ್ಕೆ ಆ ಕಿಂಡಿ ಇಲ್ಲ, ಅದು ಎಷ್ಟು ಸೋವಿ ಸಿಕ್ಕರೂ ಬಿಡಿ. ಮೊದಲ ಮಾದರಿಯ ಮಾಸ್ಟರ್ ಸಿಸ್ಟಮ್ ಬೇಕು, ಇಲ್ಲವೇ ಸೆಗಾದ ಮುಂದಿನ ಯಂತ್ರ ಮೆಗಾ ಡ್ರೈವ್ ಮೇಲೆ ಕೂಡುವ ಮೊದಲ ಮಾದರಿಯ ಪವರ್ ಬೇಸ್ ಕನ್ವರ್ಟರ್. ಅದಕ್ಕೆ ಕಾರ್ಡ್ ಕಿಂಡಿ ಇದೆ. 1987ರ ಜಪಾನಿ ಮಾಸ್ಟರ್ ಸಿಸ್ಟಮ್‌ಗೆ ಚಷ್ಮಾದ ಜ್ಯಾಕ್ ಒಳಗೇ ಇದೆ, ಅಡಾಪ್ಟರ್ ಬೇಡ. ಆದರೆ ಜಪಾನಿ ಕ್ಯಾಸೆಟ್ಟಿಗೆ 44 ಪಿನ್ನು, ಹೊರದೇಶದ್ದಕ್ಕೆ 50. ಒಂದರ ಕ್ಯಾಸೆಟ್ ಇನ್ನೊಂದರಲ್ಲಿ ನೇರ ಕೂಡುವುದಿಲ್ಲ.

50 ಹರ್ಟ್ಸೋ, 60 ಹರ್ಟ್ಸೋ? (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಎಂಬ ಲೆಕ್ಕ.) ಪರದೆಯ ಚಿತ್ರ 192 ಗೆರೆ. 60 ಹರ್ಟ್ಸ್ ಯಂತ್ರದಲ್ಲಿ ಒಟ್ಟು 262 ಗೆರೆ. ಉಳಿದ 70 ಗೆರೆಯ ಹೊತ್ತು, ಅಂದರೆ 4.4 ಮಿಲಿಸೆಕೆಂಡ್, ಗಾಜು ಬದಲಾಗಲು ಸಿಗುವ ಬಿಡುವು. ಪಾಲ್ ಯಂತ್ರದಲ್ಲಿ ಒಟ್ಟು 313 ಗೆರೆ, ಬಿಡುವು 7.7 ಮಿಲಿಸೆಕೆಂಡ್. ಹಾಗಾಗಿ ಪಾಲ್‌ನಲ್ಲಿ ಒಂದು ಕಣ್ಣಿನ ಚಿತ್ರ ಇನ್ನೊಂದಕ್ಕೆ ಸೋರುವುದು ಕಡಿಮೆ, ಮಿಣುಕು ಮಾತ್ರ ಜಾಸ್ತಿ. 25ರ ಮಿಣುಕು ತಲೆ ಹಿಡಿಸುತ್ತದೆ. ಆಟದ ವೇಗವೂ ಆರರಲ್ಲಿ ಒಂದು ಪಾಲು ಇಳಿಯುತ್ತದೆ. 60 ಹರ್ಟ್ಸ್ ಯಂತ್ರವನ್ನೇ ತಗೊಳ್ರಿ. ಅದರಿಂದ ಹುಟ್ಟುವ ತೊಂದರೆಗಳಿಗೆ ಮದ್ದಿದೆ, 25ರ ಮಿಣುಕಿಗೆ ಇಲ್ಲ.

ಮೂರ್ಛೆ ರೋಗ ಇದ್ದವರು, ಮನೆತನದಲ್ಲಿ ಇದ್ದವರು ಈ ಚಷ್ಮಾ ಹಾಕಲೇಬಾರದು. 25–30ರ ಮಿಣುಕು ಅಪಾಯದ ವಲಯದ ಒಳಗೇ ಬರುತ್ತದೆ. ಮೆಳ್ಳಗಣ್ಣು ಇದ್ದವರಿಗೆ, ಒಂದು ಕಣ್ಣಿನ ದೃಷ್ಟಿ ಬಹಳ ಮಂದ ಇದ್ದವರಿಗೆ ಆಳ ಕಾಣದೆ ಹೋಗಬಹುದು. ಅದು ಚಷ್ಮಾದ ದೋಷ ಅಲ್ಲ.

ಟಿವಿ ಹುಡುಕುವುದು

ಗೋಡೆಯ ಮೇಲಿನ ಎಲ್‌ಇಡಿ ಟಿವಿ ಇದಕ್ಕೆ ಬರುವುದಿಲ್ಲ. ಅದು ಬಂದ ಚಿತ್ರವನ್ನು ಒಳಗೆ ಹಿಡಿದಿಟ್ಟು, ಹಿಗ್ಗಿಸಿ, ತಡವಾಗಿ ತೋರಿಸುತ್ತದೆ. ಅಷ್ಟರಲ್ಲಿ ಚಷ್ಮಾ ಮುಂದಿನ ಕಣ್ಣಿಗೆ ಹೋಗಿರುತ್ತದೆ. ಹಳೆ ಯಂತ್ರದ ಸಿಗ್ನಲ್ಲನ್ನು ಇಂಟರ್‌ಲೇಸ್ (ಒಂದು ಚಿತ್ರವನ್ನು ಗೆರೆ ಬಿಟ್ಟು ಗೆರೆ ಎರಡು ಕಂತಿನಲ್ಲಿ ಕಳಿಸುವ ರೀತಿ) ಎಂದು ತಪ್ಪು ತಿಳಿದು ಎರಡು ಫ್ರೇಮ್ ಕಲಸುವ ಟಿವಿಗಳೂ ಇವೆ. ಆಗ ಎರಡೂ ಕಣ್ಣಿನ ಚಿತ್ರ ಒಂದರ ಮೇಲೊಂದು ಬಂದು ಕೂಡುತ್ತವೆ. ಸಾಲದ್ದಕ್ಕೆ ಎಲ್‌ಸಿಡಿ ಪರದೆಯ ಬೆಳಕೇ ಧ್ರುವೀಕೃತ. ಚಷ್ಮಾದ ಫಿಲ್ಮಿನ ಕೋನಕ್ಕೆ ಅದು ಅಡ್ಡ ಬಂದರೆ ಪರದೆಯೇ ಕಪ್ಪು. ಡಬ್ಬಿ ಟಿವಿಯೇ ಬೇಕು. ಡಬ್ಬಿಯಲ್ಲೂ "100 ಹರ್ಟ್ಸ್" ಎಂದು ಮುಖದ ಮೇಲೆ ಬರೆದ ತುಟ್ಟಿ ಮಾದರಿ ಬೇಡ. ಅದೂ ಒಳಗೆ ಫ್ರೇಮ್ ಹಿಡಿದಿಟ್ಟು ಎರಡೆರಡು ಸಲ ತೋರಿಸುತ್ತದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಡಬ್ಬಿ ಟಿವಿ ಈಗ ಗುಜರಿಯವರ ಹತ್ತಿರ, ಇಲ್ಲವೇ ಹಳೇ ಟಿವಿ ಮೆಕ್ಯಾನಿಕ್ಕುಗಳ ಅಂಗಡಿಯ ಅಟ್ಟದ ಮೇಲೆ ಸಿಗುತ್ತದೆ. ಡಬ್ಬಿ ಟಿವಿಯ ಕಾಲದ ನಮ್ಮ ಪ್ರಸಾರ ಪಾಲ್, 50 ಹರ್ಟ್ಸ್ ಆಗಿತ್ತು. ಬೇಕಾದದ್ದು ಅಮೆರಿಕ-ಜಪಾನಿನ ಪದ್ಧತಿ ಎನ್‌ಟಿಎಸ್‌ಸಿ, 60 ಹರ್ಟ್ಸ್. ತಗೊಳ್ಳುವ ಮೊದಲೇ ಪರೀಕ್ಷೆ ಮಾಡಿ. ಇದಕ್ಕೆ ಆಟದ ಯಂತ್ರವನ್ನು ಹೊತ್ತು ಒಯ್ಯುವುದು ಬೇಡ, ಒಂದು ಹಳೆ ಡಿವಿಡಿ ಪ್ಲೇಯರ್ ಮತ್ತು ಹಳದಿ ಪಿನ್ನಿನ ಎವಿ ವೈರು ಸಾಕು. ಪ್ಲೇಯರಿನ ಸೆಟಪ್ ಮೆನುವಿನಲ್ಲಿ ಟಿವಿ ಟೈಪ್ ಎಂಬಲ್ಲಿ ಪಾಲ್ ತೆಗೆದು ಎನ್‌ಟಿಎಸ್‌ಸಿ ಮಾಡಿ, ಟಿವಿಯನ್ನು ಎವಿಗೆ ಹಚ್ಚಿ. ಚಿತ್ರ ಬಣ್ಣದಲ್ಲಿ ಗಟ್ಟಿಯಾಗಿ ನಿಂತರೆ ಆ ಟಿವಿ ಬರೋಬ್ಬರಿ. ಚಿತ್ರ ನಿಂತು ಬಣ್ಣ ಮಾತ್ರ ಹೋದರೆ ಟಿವಿಗೆ 60 ಹರ್ಟ್ಸ್ ಬರುತ್ತದೆ, ಎನ್‌ಟಿಎಸ್‌ಸಿ ಬಣ್ಣ ಬರುವುದಿಲ್ಲ. ಮೆನುವಿನಲ್ಲಿ ಕಲರ್ ಸಿಸ್ಟಮ್ ಆಟೋದಿಂದ ಎನ್‌ಟಿಎಸ್‌ಸಿ 3.58ಕ್ಕೆ ಮಾಡಿ ಒಮ್ಮೆ ನೋಡಿ. ಆಗಲೂ ಬರದಿದ್ದರೆ ಅದನ್ನು ಬಿಟ್ಟುಬಿಡಲೇಬೇಕೆಂದಿಲ್ಲ, ಆಳಕ್ಕೂ ಬಣ್ಣಕ್ಕೂ ಸಂಬಂಧ ಇಲ್ಲ. ಕಪ್ಪು-ಬಿಳುಪಿನಲ್ಲೂ ಝ್ಯಾಕ್ಸಾನ್ ಆಳ ಪೂರ್ತಿ ಕಾಣುತ್ತದೆ. ಚಿತ್ರ ಮೇಲಿಂದ ಕೆಳಗೆ ಉರುಳುತ್ತಲೇ ಇದ್ದರೆ, ಹಿಂಬದಿಯ ವಿ-ಹೋಲ್ಡ್ ತಿರುವಿದರೂ ನಿಲ್ಲದಿದ್ದರೆ, ಅದು 60ಕ್ಕೆ ಆಗದ ಟಿವಿ.

ಆಂಟೆನಾ ಸಾಕೆಟ್ ಮಾತ್ರ ಇರುವ ಟಿವಿ ಬೇಡ. ಅಮೆರಿಕದ ಯಂತ್ರದ ಧ್ವನಿ ಚಿತ್ರದಿಂದ 4.5 ಮೆಗಾಹರ್ಟ್ಸ್ ದೂರದಲ್ಲಿರುತ್ತದೆ, ನಮ್ಮ ಟಿವಿ ಹುಡುಕುವುದು 5.5ರಲ್ಲಿ. ಚಿತ್ರ ಸಿಕ್ಕಿದರೂ ಧ್ವನಿ ಸಿಗುವುದಿಲ್ಲ.

ಅಳತೆ 20–21 ಇಂಚು ಸಾಕು. 29 ಇಂಚು ಸಿಕ್ಕಿತೆಂದು ಹಿಗ್ಗಬೇಡಿ, ಕಾರಣ ಕೆಳಗೆ ಬರುತ್ತದೆ.

ಕರೆಂಟಿನ ವಿಷಯ. ಮೊದಲ ಮಾದರಿಯ ಯಂತ್ರಕ್ಕೆ 9 ವೋಲ್ಟ್ ಡಿಸಿ, 1 ಆಂಪಿಯರ್ ಇದ್ದರೆ ನಡೆಯುತ್ತದೆ. ಪಿನ್ನಿನ ಒಳಭಾಗ ನೆಗೆಟಿವ್, ಹೊರಭಾಗ ಪಾಸಿಟಿವ್. ನಮ್ಮಲ್ಲಿ ಸಿಗುವ ವೈಫೈ ರೂಟರಿನ 9 ವೋಲ್ಟ್ ಅಡಾಪ್ಟರುಗಳು ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಮಲ್ಟಿಮೀಟರಿನಿಂದ ಅಳೆದು, ವೈರು ಕತ್ತರಿಸಿ ಅದಲುಬದಲು ಬೆಸುಗೆ ಹಾಕಿ, ಮತ್ತೊಮ್ಮೆ ಅಳೆದು ಆಮೇಲೆ ಚುಚ್ಚಿ. ಯಂತ್ರದ ಜೊತೆ ಬಂದ 120 ವೋಲ್ಟಿನ ಅಡಾಪ್ಟರನ್ನು ನಮ್ಮ ಗೋಡೆಯ ಸಾಕೆಟ್ಟಿಗೆ ಹಾಕಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ಬಳಸಬಹುದು, ಆದರೆ ಅದನ್ನು ಟಿವಿ ಹತ್ತಿರ ಇಡುವುದೇ ಇನ್ನೊಂದು ತಲೆನೋವು.

ಸ್ಟೆಬಿಲೈಜರ್ ಮತ್ತು ಟ್ಯೂಬ್‌ಲೈಟ್

ಚಷ್ಮಾ ಆಟದ ಬಗ್ಗೆ ಅಮೆರಿಕದವರು ಬರೆದದ್ದನ್ನು ಎಷ್ಟು ಓದಿದರೂ ಈ ಭಾಗ ಸಿಗುವುದು ಕಷ್ಟ. ಅಮೆರಿಕದ ಮನೆಯ ಕರೆಂಟೂ 60, ಆಟವೂ 60. ನಮ್ಮಲ್ಲಿ ಆಟ 60, ಹೆಸ್ಕಾಂ ಕೊಡುವುದು 50.

ನಮ್ಮ ಕಡೆ ಡಬ್ಬಿ ಟಿವಿ ಇದ್ದಲ್ಲಿ ಅದರ ಕೆಳಗೋ ಮಗ್ಗಲಿಗೋ ಒಂದು ಸ್ಟೆಬಿಲೈಜರ್ ಇದ್ದೇ ಇರುತ್ತದೆ. ಅದರೊಳಗಿನ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸಿನ ಕಾಂತಕ್ಷೇತ್ರ ಹೊರಗೆ ಚೆಲ್ಲುತ್ತದೆ, ಅದು ಟಿವಿಯ ಎಲೆಕ್ಟ್ರಾನ್ ಕಿರಣವನ್ನು ಕೂದಲೆಳೆಯಷ್ಟು ಎಳೆಯುತ್ತದೆ. ದೂರದರ್ಶನ ನೋಡುವಾಗ ಚಿತ್ರವೂ 50, ಎಳೆತವೂ 50. ಡೊಂಕು ಒಂದೇ ಜಾಗದಲ್ಲಿ ನಿಂತಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. 60 ಹರ್ಟ್ಸ್ ಆಟ ಹಚ್ಚಿದ ಕೂಡಲೇ ಎರಡರ ವ್ಯತ್ಯಾಸ 10. ಚಿತ್ರದ ನೆಟ್ಟಗಿನ ಅಂಚುಗಳು ಸೆಕೆಂಡಿಗೆ 10 ಸಲ ನಡುಗುತ್ತವೆ. ಸಾದಾ ಆಟದಲ್ಲಿ ಇಷ್ಟು ನಡುಕ ಸಹಿಸಬಹುದು. ಚಷ್ಮಾ ಆಟದಲ್ಲಿ ಒಂದರ ಹಿಂದೊಂದು ಬರುವ ಎರಡು ಫ್ರೇಮ್‌ಗಳ ಎಡ-ಬಲ ಅಂತರವೇ ಆಳ. ಒಂದು ಫ್ರೇಮ್ ಎಡಕ್ಕೂ ಮುಂದಿನದು ಬಲಕ್ಕೂ ಜಗ್ಗಿದರೆ ಆಳವೇ ನಡುಗಿದ ಹಾಗೆ. ಗುಂಡು ನಿಂತಲ್ಲೇ ಮುಂದೆ ಹಿಂದೆ ತೂಗುತ್ತದೆ, ಅರ್ಧ ತಾಸಿನೊಳಗೆ ತಲೆ ನೋಯುತ್ತದೆ. ಬಹಳ ಮಂದಿ ಚಷ್ಮಾವನ್ನು ಬೈದು ಡಬ್ಬಿಗೆ ಹಾಕುವುದು ಇಲ್ಲೇ ಇರಬೇಕು.

ಪತ್ತೆ ಹಚ್ಚುವುದು ಸುಲಭ. ಚಷ್ಮಾ ಹಾಕದೆ, ಆಟವನ್ನು ನಡುವೆ ತಡೆದು ನಿಲ್ಲಿಸಿ, ಅಂಕಿಗಳ ನೆಟ್ಟಗಿನ ಅಂಚನ್ನು ಹತ್ತಿರದಿಂದ ನೋಡಿ. ಎಡ-ಬಲ ಚಿತ್ರದ ಜೋಡಿ ಅಂಚು ಬೇರೆ, ಅದು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಕರೆಂಟಿನ ನಡುಕ ಪರದೆಯ ಒಂದು ಮೂಲೆಯಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಜಾಸ್ತಿ ಇದ್ದ ಕಡೆಯೇ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಸ್ಟೆಬಿಲೈಜರನ್ನು ಉದ್ದ ವೈರಿನಲ್ಲಿ ಮೂರು-ನಾಲ್ಕು ಅಡಿ ದೂರ ನೆಲದ ಮೇಲಿಡಿ. ಟೇಬಲ್ ಫ್ಯಾನ್, ಇನ್ವರ್ಟರ್, ಸ್ಟೆಪ್-ಡೌನ್ ಎಲ್ಲಕ್ಕೂ ಇದೇ ನಿಯಮ. ಒಂದೊಂದಾಗಿ ಬಂದ್ ಮಾಡುತ್ತ ಹೋದರೆ ಕಳ್ಳ ಸಿಗುತ್ತಾನೆ. ಎಲ್ಲ ಬಂದ್ ಮಾಡಿದರೂ ನಡುಕ ಉಳಿದರೆ ಟಿವಿಯ ಪವರ್ ಸಪ್ಲೈನ ದೊಡ್ಡ ಫಿಲ್ಟರ್ ಕೆಪ್ಯಾಸಿಟರ್ ಒಣಗಿರುವ ಸಂಭವ. ಇದು ಮೆಕ್ಯಾನಿಕ್ ಕೆಲಸ. ಪಿಕ್ಚರ್ ಟ್ಯೂಬಿಗೆ 20,000 ವೋಲ್ಟಿಗೂ ಮಿಕ್ಕಿ ಹೋಗುತ್ತದೆ, ಬಂದ್ ಮಾಡಿದ ಮೇಲೂ ಚಾರ್ಜ್ ಉಳಿದಿರುತ್ತದೆ. ಹಿಂಬದಿ ಮುಚ್ಚಳ ನೀವೇ ಬಿಚ್ಚಬೇಡಿ.

ಇನ್ನು ಬೆಳಕು. ಹಳೆ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಚಷ್ಮಾದ ಗಾಜು 30 ಸಲ ತೆರೆಯುತ್ತದೆ. 30ರ ಮೂರು ಪಟ್ಟು 90, ಅದಕ್ಕೂ 100ಕ್ಕೂ ಅಂತರ ಮತ್ತೆ 10. ಹಾಗಾಗಿ ಟ್ಯೂಬ್‌ಲೈಟಿನ ಕೆಳಗೆ ಚಷ್ಮಾ ಹಾಕಿದರೆ ಇಡೀ ಕೋಣೆ ಸೆಕೆಂಡಿಗೆ 10 ಸಲ ಪಟಪಟ ಬಡಿದಂತೆ ಕಾಣುತ್ತದೆ. ಅಮೆರಿಕದಲ್ಲಿ ಟ್ಯೂಬ್ 120 ಸಲ ಮಿನುಗುತ್ತದೆ, ಅದು 30ರ ನಾಲ್ಕು ಪಟ್ಟು, ಬಡಿತವೇ ಹುಟ್ಟುವುದಿಲ್ಲ. ಸೋವಿ ಎಲ್‌ಇಡಿ ಬಲ್ಬುಗಳಲ್ಲೂ 100ರ ಮಿಣುಕು ಇರುತ್ತದೆ. ಒಳ್ಳೆ ಡ್ರೈವರಿನ ಎಲ್‌ಇಡಿ, ಇಲೆಕ್ಟ್ರಾನಿಕ್ ಚೋಕಿನ ಟ್ಯೂಬ್ ಆದರೆ ತೊಂದರೆ ಕಾಣದು. ಎಲ್ಲಕ್ಕಿಂತ ಚಲೋದು ದೀಪ ಆರಿಸಿ ಕೂಡುವುದು.

ಕತ್ತಲು ಬೇಕಾಗುವುದು ಇನ್ನೊಂದು ಕಾರಣಕ್ಕೂ. ತೆರೆದ ಗಾಜು ಅರ್ಧಕ್ಕಿಂತ ಕಡಿಮೆ ಬೆಳಕು ಬಿಡುತ್ತದೆ, ಅದೂ ಅರ್ಧ ಹೊತ್ತು ಮಾತ್ರ. ಕಣ್ಣಿಗೆ ಮುಟ್ಟುವುದು ನಾಲ್ಕನೇ ಒಂದು ಪಾಲಿಗಿಂತ ಕಡಿಮೆ. ಮಂಕಾಯಿತೆಂದು ಟಿವಿಯ ಕಾಂಟ್ರಾಸ್ಟ್ ಪೂರ್ತಿ ಏರಿಸಿದರೆ ಮಿಣುಕೂ ಏರುತ್ತದೆ, ಏಕೆಂದರೆ ಬೆಳಕು ಹೆಚ್ಚಾದಷ್ಟೂ ಕಣ್ಣು ಮಿಣುಕನ್ನು ಚುರುಕಾಗಿ ಹಿಡಿಯುತ್ತದೆ. ಕೋಣೆ ಕತ್ತಲು ಮಾಡಿ, ಬ್ರೈಟ್‌ನೆಸ್ಸನ್ನು ಆಕಾಶ ಪೂರ್ತಿ ಕಪ್ಪಾಗುವವರೆಗೆ ಇಳಿಸಿ, ಕಾಂಟ್ರಾಸ್ಟ್ ಅರ್ಧದ ಆಸುಪಾಸು ಇಡಿ.

ಎಷ್ಟು ದೂರ ಕೂಡಬೇಕು

21 ಇಂಚಿನ ಟಿವಿಯಲ್ಲಿ ಆಟದ 256 ಪಿಕ್ಸೆಲ್ ಅಗಲ ಸುಮಾರು 39 ಸೆಂ.ಮೀ. ಅಂದರೆ ಪಿಕ್ಸೆಲ್ಲಿಗೆ 1.5 ಮಿ.ಮೀ. ಎರಡು ಕಣ್ಣಿನ ನಡುವಿನ ಅಂತರ ಸುಮಾರು 65 ಮಿ.ಮೀ. ಪರದೆಯಿಂದ 150 ಸೆಂ.ಮೀ. ದೂರ ಕೂತರೆ, ಎಡ-ಬಲ ಚಿತ್ರಗಳು 8 ಪಿಕ್ಸೆಲ್ ಅಡ್ಡಹಾಯ್ದ ವಸ್ತು ಪರದೆಯಿಂದ 23 ಸೆಂ.ಮೀ. ಈಚೆಗೆ ತೇಲುತ್ತದೆ. 16 ಪಿಕ್ಸೆಲ್ ಆದರೆ 40 ಸೆಂ.ಮೀ. ಉಲ್ಟಾ ದಿಕ್ಕಿನಲ್ಲಿ 16 ಪಿಕ್ಸೆಲ್ ಸರಿದದ್ದು ಪರದೆಯ ಆಚೆ 88 ಸೆಂ.ಮೀ. ಒಳಗೆ ಕಾಣುತ್ತದೆ. ದೂರ ಕೂತಷ್ಟೂ ಇದೇ ಪ್ರಮಾಣದಲ್ಲಿ ಆಳ ಹಿಗ್ಗುತ್ತದೆ.

ಇಲ್ಲಿ ಒಂದು ಮಿತಿಯೂ ಕಾಣುತ್ತದೆ. ಅಂತರ ಬದಲಾಗುವುದು ಪಿಕ್ಸೆಲ್ ಲೆಕ್ಕದಲ್ಲಿ. ಪರದೆಯ ಹತ್ತಿರ ಒಂದು ಪಿಕ್ಸೆಲ್ ಅಂದರೆ ಸುಮಾರು 3.4 ಸೆಂ.ಮೀ. ಆಳ. ಹಾಗಾಗಿ ನಮ್ಮ ಕಡೆ ಬರುವ ಗುಂಡು ಜಾರಿಕೊಂಡು ಬರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತ ಬರುತ್ತದೆ. ಗಮನವಿಟ್ಟು ನೋಡಿದರೆ ಆ ಜಿಗಿತ ಕಾಣುತ್ತದೆ.

29 ಇಂಚಿನಲ್ಲಿ ಪಿಕ್ಸೆಲ್ 2 ಮಿ.ಮೀ. ದಾಟುತ್ತದೆ. ಪರದೆಯ ಆಚೆಗೆ ಸರಿದ ಚಿತ್ರಗಳ ಅಂತರ 65 ಮಿ.ಮೀ. ಮೀರಿದರೆ ಕಣ್ಣುಗಳು ಹೊರಕ್ಕೆ ಸೀಳಿಕೊಂಡು ನೋಡಬೇಕು, ಅದು ಮನುಷ್ಯರ ಕಣ್ಣಿಗೆ ಆಗುವ ಕೆಲಸ ಅಲ್ಲ. ದೊಡ್ಡ ಪರದೆಯಲ್ಲಿ ಆ ಮಿತಿ ಬೇಗ ಬರುತ್ತದೆ. ಮಕ್ಕಳ ಕಣ್ಣಿನ ಅಂತರ ಇನ್ನೂ ಕಡಿಮೆ, ಅವರಿಗೆ ಇನ್ನೂ ಬೇಗ. ತಲೆ ನೆಟ್ಟಗಿರಲಿ, ದಿಂಬಿಗೆ ಒರಗಿ ಓರೆಯಾದರೆ ಎರಡು ಚಿತ್ರ ಕೂಡುವುದಿಲ್ಲ.

ಕೆಟ್ಟಾಗ

ಆಳ ಉಲ್ಟಾ ಕಾಣುವುದು: ನಿಮ್ಮ ವಿಮಾನ ದೂರ, ಹಿನ್ನೆಲೆ ಹತ್ತಿರ. ಚಷ್ಮಾವನ್ನು ತಲೆಕೆಳಗು ಮಾಡಿ ಹಾಕಿ ನೋಡಿ. ಸರಿಯಾದರೆ ಎಡ-ಬಲ ವೈರು ಅದಲಾಗಿದೆ ಎಂದರ್ಥ. ಮೂಲ ಚಷ್ಮಾದಲ್ಲಿ ಇದು ಆಗುವುದಿಲ್ಲ. ವೈರು ತುಂಡಾಗಿ ಯಾರೋ ಬೆಸುಗೆ ಹಾಕಿದ್ದರೆ, ಇಲ್ಲವೇ ಬೇರೆ ಕಂಪನಿಯ ವೈರಿನ ಚಷ್ಮಾ ಚುಚ್ಚಿದ್ದರೆ ಆಗುತ್ತದೆ. ಜ್ಯಾಕ್ ಹೆಡ್‌ಫೋನಿನದರಂತೆಯೇ 3.5 ಮಿ.ಮೀ. ಬುಡ ಎರಡಕ್ಕೂ ಕಾಮನ್, ತುದಿ ಮತ್ತು ನಡುವಿನ ಬಳೆ ಒಂದೊಂದು ಗಾಜಿಗೆ. ತುದಿ-ಬಳೆ ಬದಲಿಸಿ ಬೆಸೆದರೆ ಮುಗಿಯಿತು. ಹೆಡ್‌ಫೋನನ್ನು ಮಾತ್ರ ಆ ಅಡಾಪ್ಟರಿಗೆ ಚುಚ್ಚಬೇಡಿ, ಗಾಜಿಗೆಂದು ಮಾಡಿದ ಸರ್ಕಿಟ್ಟಿಗೆ ಆ ಭಾರ ತಡೆಯದು.

ಒಂದು ಗಾಜು ಕಪ್ಪಾಗುವುದೇ ಇಲ್ಲ. ಮಲ್ಟಿಮೀಟರಿನಲ್ಲಿ ಗಾಜು ಯಾವತ್ತೂ ಓಪನ್ ಎಂದೇ ತೋರಿಸುತ್ತದೆ, ಏಕೆಂದರೆ ಅದು ಕೆಪ್ಯಾಸಿಟರ್ ಇದ್ದ ಹಾಗೆ. ಅದನ್ನು ನೋಡಿ ಗಾಜು ಕೆಟ್ಟಿತೆಂದು ಬಿಸಾಡಬೇಡಿ. ಬದಲಿಗೆ ಜ್ಯಾಕಿನ ಬುಡ ಮತ್ತು ತುದಿಗೆ 9 ವೋಲ್ಟ್ ಬ್ಯಾಟರಿಯನ್ನು ಅರೆಕ್ಷಣ ತಾಗಿಸಿ, ಒಂದು ಗಾಜು ಕಪ್ಪಾಗಬೇಕು. ಬುಡ ಮತ್ತು ಬಳೆಗೆ ತಾಗಿಸಿದರೆ ಇನ್ನೊಂದು. ಅರೆಕ್ಷಣ ಅಂದರೆ ಅರೆಕ್ಷಣವೇ. ದ್ರವಸ್ಫಟಿಕಕ್ಕೆ ಒಂದೇ ದಿಕ್ಕಿನ ಕರೆಂಟು ಹೊತ್ತುಗಟ್ಟಲೆ ಕೊಟ್ಟರೆ ಅದು ಹಾಳಾಗುತ್ತದೆ. ಅದಕ್ಕೇ ಅಡಾಪ್ಟರ್ ದಿಕ್ಕು ಬದಲಿಸುತ್ತ ಕೊಡುತ್ತದೆ. ಬ್ಯಾಟರಿಗೂ ಕಪ್ಪಾಗದಿದ್ದರೆ ವೈರು ಮುರಿದಿರುವ ಜಾಗ ಹೆಚ್ಚಾಗಿ ಎರಡೇ: ಜ್ಯಾಕಿನ ಕುತ್ತಿಗೆ, ಇಲ್ಲವೇ ಚಷ್ಮಾದೊಳಗೆ ವೈರು ಹೊಕ್ಕುವ ತಿರುವು. ಬೆಸುಗೆ ಹಾಕುವಾಗ ಗಾಜಿನ ಕಾಲಿಗೆ ಬಿಸಿ ಜಾಸ್ತಿ ಹೊತ್ತು ತಾಗಿಸಬೇಡಿ, ಅಂಚಿನ ಅಂಟು ಬಿಡುತ್ತದೆ.

ಎರಡೂ ಗಾಜು ಸುಮ್ಮನಿದ್ದರೆ ಮೊದಲು ಕಾರ್ಡ್ ಕಿಂಡಿ ನೋಡಿ. ನಮ್ಮ ಬೇಸಿಗೆಯ ಧೂಳು ಆ ಕಿಂಡಿಯಲ್ಲಿ ಕೂತಿರಬಹುದು. ಅಡಾಪ್ಟರಿನ ಹಿತ್ತಾಳೆ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ನಾಲ್ಕೈದು ಸಲ ಹಾಕಿ ತೆಗೆಯಿರಿ. ಗಾಜಿಗೆ ಮಾತ್ರ ಆ ಆಲ್ಕೊಹಾಲ್ ಮುಟ್ಟಿಸಬೇಡಿ, ಮೇಲಿನ ಪೋಲರೈಸರ್ ಫಿಲ್ಮ್ ಕೆಡುತ್ತದೆ. ಒಣ ಮೆತ್ತನೆ ಬಟ್ಟೆ ಸಾಕು.

ದೆವ್ವದ ಚಿತ್ರ, ಅಂದರೆ ಪ್ರತಿ ಬಿಳಿ ಗುಂಡಿನ ಪಕ್ಕ ಮಸುಕು ಜೋಡಿ. ಕರೀ ಆಕಾಶದ ಮೇಲೆ ಬಿಳಿ ಗುಂಡು ಇರುವ ಆಟಗಳಲ್ಲಿ ಇದು ಎದ್ದು ಕಾಣುತ್ತದೆ, ಪೂರ್ತಿ ಹೋಗುವುದೂ ಇಲ್ಲ. ಎಲ್ಲಿ ಇದೆ ಎಂಬುದು ಕಾರಣ ಹೇಳುತ್ತದೆ. ಪರದೆಯ ಮೇಲ್ಭಾಗದಲ್ಲಿ ಜಾಸ್ತಿ ಇದ್ದರೆ ಗಾಜು ನಿಧಾನ, 4.4 ಮಿಲಿಸೆಕೆಂಡಿನ ಬಿಡುವಿನಲ್ಲಿ ಪೂರ್ತಿ ಬದಲಾಗುತ್ತಿಲ್ಲ. ಚಳಿಯಲ್ಲಿ ದ್ರವಸ್ಫಟಿಕ ಇನ್ನೂ ನಿಧಾನ, ಡಿಸೆಂಬರಿನ ಧಾರವಾಡದ ಬೆಳಗಿನಲ್ಲಿ ಇದು ಹೆಚ್ಚಾಗಿ ಕಂಡರೆ ಆಶ್ಚರ್ಯವಿಲ್ಲ. ಕೆಳಭಾಗದಲ್ಲಿ ಜಾಸ್ತಿ ಇದ್ದರೆ ಅದು ಟ್ಯೂಬಿನ ರಂಜಕದ ಉಳಿಬೆಳಕು: ಕೊನೆಯ ಗೆರೆಗಳು ಆರುವ ಮೊದಲೇ ಎದುರಿನ ಗಾಜು ತೆರೆದಿರುತ್ತದೆ. ಎರಡಕ್ಕೂ ಮದ್ದು ಒಂದೇ, ಕಾಂಟ್ರಾಸ್ಟ್ ಇಳಿಸುವುದು.

ಇನ್ನೊಂದು ದೋಷ ಚಷ್ಮಾದ್ದಲ್ಲ, ಯಂತ್ರದ್ದು. ಒಂದು ಗೆರೆಯ ಮೇಲೆ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್ ಬರುವಂತಿಲ್ಲ. ಹೆಚ್ಚಾದಾಗ ಆಟಗಳು ಫ್ರೇಮ್ ಬಿಟ್ಟು ಫ್ರೇಮ್ ಪಾಳಿ ಹಚ್ಚಿ ತೋರಿಸುವುದುಂಟು. ಕಣ್ಣುಗಳೂ ಫ್ರೇಮ್ ಬಿಟ್ಟು ಫ್ರೇಮ್. ಎರಡು ಪಾಳಿ ಒಂದಕ್ಕೊಂದು ಕೂಡಿಬಿಟ್ಟರೆ ಒಂದು ವೈರಿ ಎಡಗಣ್ಣಿಗೆ ಮಾತ್ರ, ಇನ್ನೊಂದು ಬಲಗಣ್ಣಿಗೆ ಮಾತ್ರ ಕಾಣುತ್ತದೆ. ಎರಡಕ್ಕೂ ಆಳವೇ ಇರುವುದಿಲ್ಲ. ಗದ್ದಲದ ಹೊತ್ತಿನಲ್ಲಿ ವಸ್ತುಗಳು ಪಾರದರ್ಶಕವಾಗಿ ತೇಲಿದಂತೆ ಕಂಡರೆ ಚಷ್ಮಾ ಬಿಚ್ಚಿ ರಿಪೇರಿಗೆ ಕೂಡಬೇಡಿ. ಗುಂಪು ಚದುರಿದ ಮೇಲೆ ತಾನೇ ಸರಿಯಾಗುತ್ತದೆ.

ಯಂತ್ರ ಇಲ್ಲದೆ

ಇಷ್ಟೆಲ್ಲ ಕೂಡಿಸಲು ಆಗದವರಿಗೆ ಕಂಪ್ಯೂಟರಿನ ದಾರಿ ಇದೆ. ಮೇಕಾ ಎಂಬ ಎಮ್ಯುಲೇಟರಿನಲ್ಲಿ (ಹಳೆ ಯಂತ್ರದ ನಕಲು ಮಾಡುವ ಪ್ರೋಗ್ರಾಂ) ಎಡ ಚಿತ್ರ ಮಾತ್ರ ಅಥವಾ ಬಲ ಚಿತ್ರ ಮಾತ್ರ ತೋರಿಸುವ ಆಯ್ಕೆ ಇದೆ. ಆಳ ಇಲ್ಲ, ಮಿಣುಕೂ ಇಲ್ಲ, ಆಟ ಹೇಗಿದೆ ಎಂದು ತಿಳಿಯಲು ಸಾಕು. ಮೇಮ್ ಎಂಬ ಇನ್ನೊಂದು ಎಮ್ಯುಲೇಟರಿನಲ್ಲಿ ಎಡ-ಬಲ ಎರಡೂ ಪಕ್ಕಪಕ್ಕದಲ್ಲಿ ಬರುವಂತೆ ಮಾಡಬಹುದು. ಮನೆಯಲ್ಲಿ ಹತ್ತು-ಹದಿನೈದು ವರ್ಷದ ಹಿಂದಿನ 3-ಡಿ ಎಲ್‌ಇಡಿ ಟಿವಿ ಇದ್ದರೆ ಕಂಪ್ಯೂಟರನ್ನು ಎಚ್‌ಡಿಎಂಐನಲ್ಲಿ ಕೂಡಿಸಿ, ಟಿವಿಯ 3-ಡಿ ಮೆನುವಿನಲ್ಲಿ ಸೈಡ್ ಬೈ ಸೈಡ್ ಒತ್ತಿ. ಪರದೆಯ ಎಡ ಅರ್ಧ ಎಡ ಚಿತ್ರದಿಂದ, ಬಲ ಅರ್ಧ ಬಲ ಚಿತ್ರದಿಂದ ಅಂಚಿನಿಂದ ಅಂಚಿಗೆ ತುಂಬಿರಬೇಕು, ನಡುವೆ ಕಪ್ಪು ಪಟ್ಟಿ ಉಳಿದರೆ ಎರಡು ಚಿತ್ರ ಕೂಡುವುದಿಲ್ಲ. ಪೋಲರೈಸ್ ಚಷ್ಮಾದ ಟಿವಿಯಾದರೆ ಮಿಣುಕಿನ ಪ್ರಶ್ನೆಯೇ ಇಲ್ಲ.

ಅದೂ ಇಲ್ಲವೆಂದರೆ ಕೆಂಪು-ಸಯಾನ್ ಚಷ್ಮಾ. ಸ್ಟೇಷನರಿ ಅಂಗಡಿಯ ಬಣ್ಣದ ಜಿಲಾಟಿನ್ ಪೇಪರಿನಲ್ಲಿ ಕೆಂಪು ಪರವಾಗಿಲ್ಲ, ನೀಲಿ ಮಾತ್ರ ಸಾಲದು, ಕೆಂಪು ಬೆಳಕನ್ನು ಸೋರಿಸುತ್ತದೆ. ಅದಕ್ಕಿಂತ ನಾಟಕಕ್ಕೆ ಲೈಟಿಂಗ್ ಮಾಡುವವರ ಹತ್ತಿರ ಕತ್ತರಿಸಿ ಉಳಿದ ತುಂಡು ಕೇಳಿ. ನಾಟಕ ಕಂಪನಿಗಳ ನಾಡಿದು, ಧಾರವಾಡ, ಗದಗ, ಹಾವೇರಿ ಎಲ್ಲಿ ಕೇಳಿದರೂ ಇಂಥವರು ಸಿಗುತ್ತಾರೆ. ಲೀ ಕಂಪನಿಯ ಫಿಲ್ಟರ್ ಆದರೆ 106 ಕೆಂಪು, 116 ನೀಲಿ-ಹಸಿರು. ಅಂಗೈಯಗಲದ ಒಂದೊಂದು ತುಂಡು ಸಾಕು. ಹಳೆ ಲಗ್ನಪತ್ರಿಕೆಯ ದಪ್ಪ ರಟ್ಟಿನಲ್ಲಿ ಚೌಕಟ್ಟು ಕತ್ತರಿಸಿ ಅಂಟಿಸಿ, ಕೆಂಪು ಎಡಗಣ್ಣಿಗೆ. ಪರೀಕ್ಷೆಗೆ ಮೊಬೈಲಿನಲ್ಲಿ ಕರೀ ಹಿನ್ನೆಲೆಯ ಮೇಲೆ ಶುದ್ಧ ಕೆಂಪು ಚೌಕ ತೆರೆದು ನೀಲಿ-ಹಸಿರಿನ ಮೂಲಕ ನೋಡಿ. ಚೌಕ ಕಪ್ಪಿನಲ್ಲಿ ಕರಗಬೇಕು. ಕಂದು ಬಣ್ಣದಲ್ಲಿ ಉಳಿದರೆ ಇನ್ನೊಂದು ಪದರ ಹಾಕಿ.

ಚಿತ್ರ ಸಿದ್ಧ ಮಾಡಲು ಎಮ್ಯುಲೇಟರನ್ನು ನಡುವೆ ತಡೆದು ನಿಲ್ಲಿಸಿ ಒಂದು ಸ್ಕ್ರೀನ್‌ಶಾಟ್, ಒಂದೇ ಫ್ರೇಮ್ ಮುಂದೆ ಸರಿಸಿ ಇನ್ನೊಂದು. ಗಿಂಪ್ ಎಂಬ ಚಿತ್ರ ತಿದ್ದುವ ಪ್ರೋಗ್ರಾಂನಲ್ಲಿ ಎರಡನ್ನೂ ಕೆಂಪು, ಹಸಿರು, ನೀಲಿ ಎಂದು ಬಿಡಿಸಿ, ಎಡ ಚಿತ್ರದ ಕೆಂಪನ್ನು ಬಲ ಚಿತ್ರದ ಹಸಿರು-ನೀಲಿಯ ಜೊತೆ ಕೂಡಿಸಿ. ಯಾವುದು ಎಡ, ಯಾವುದು ಬಲ ಎಂದು ಗೊತ್ತಾಗದಿದ್ದರೆ ಹೇಗೋ ಒಂದು ಮಾಡಿ. ಆಳ ಉಲ್ಟಾ ಬಂದರೆ ಅದಲಿಸಿದರಾಯಿತು. ಕೂಡಿಸುವ ಮೊದಲು ಎರಡೂ ಚಿತ್ರಗಳನ್ನು ಕಪ್ಪು-ಬಿಳುಪಿಗೆ ತಿರುಗಿಸುವುದನ್ನು ಮರೆಯಬೇಡಿ. ಈ ಆಟಗಳಲ್ಲಿ ಅಚ್ಚ ಕೆಂಪು ಗುಂಡು, ಅಚ್ಚ ಕೆಂಪು ಸ್ಫೋಟ ಬಹಳ. ಬಣ್ಣ ಹಾಗೇ ಬಿಟ್ಟರೆ ಅವು ಕೆಂಪು ಗಾಜಿನ ಕಣ್ಣಿಗೆ ಮಾತ್ರ ಕಾಣುತ್ತವೆ, ಇನ್ನೊಂದು ಕಣ್ಣಿಗೆ ಅಲ್ಲಿ ಬರೀ ಕಪ್ಪು, ಆಳ ಅಳೆಯಬೇಕಾದ ಗುಂಡಿಗೇ ಆಳ ಸಿಗುವುದಿಲ್ಲ.